ರದೂಕಾಳ ರಹದಾರಿ

ಊಟದ ಮನೆಯಲ್ಲಿ ರದೂಕಾಳ ಪೀಠ ಮೇಲೆ, ಮಗನದು ಒಂದು ಮೆಟ್ಟಿಲು ಕೆಳಗೆ. ಪಾರ್ಸದ ದೊರೆಯಾದರೂ ತಾಯಿಯೆದುರು ಅವನ ಜಾಗ ಅಷ್ಟೇ. ಅವನು ವರ್ಷಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ಆ ಪೀಠ ಖಾಲಿ, ಅವಳೊಬ್ಬಳೇ ಉಣ್ಣುತ್ತಿದ್ದಳು.

ಈ ಸಲ ಅವಳು ಕೇಳಿದ್ದು ಒಂದೇ. "ಉಪಂದಾಳ ಗಂಡ ಸತ್ತು ವರ್ಷವಾಯ್ತು. ಆ ದೂರದ ಬಾಖ್ತ್ರಿ ಸೀಮೆಯಲ್ಲಿ ಇನ್ನೇನಿದೆ ನನ್ನ ಮಗಳಿಗೆ? ಕರೆಸ್ಕೊಳ್ತೀನಿ."

ದೊರೆ ಮೂಳೆ ಚೀಪುತ್ತಲೇ ನಕ್ಕ. "ನನ್ನನ್ಯಾಕೆ ಕೇಳ್ತೀಯಮ್ಮಾ? ನಿನ್ನ ಮುದ್ರೆ ಕಂಡ್ರೆ ನನ್ನ ಕುದುರೆನೂ ನಿಲ್ಲುತ್ತೆ."

ಅದು ನಿಜ. ಅವಳ ಕೊರಳಲ್ಲಿದ್ದ ಉರುಳೆಯಾಕಾರದ ಕಲ್ಲಿನ ಮುದ್ರೆ ಹಸಿಮಣ್ಣಿನ ಮೇಲೆ ಉರುಳಿದರೆ ಉಗ್ರಾಣಗಳು ತೆರೆಯುತ್ತಿದ್ದವು, ನೇಕಾರರ ಕೇರಿಗಳೇ ಊರು ಬದಲಿಸುತ್ತಿದ್ದವು. ಮುದ್ರೆಯಲ್ಲಿ ಕುಳಿತ ರಾಣಿ, ಎದುರಿಗೆ ಹಕ್ಕಿ ಹಿಡಿದು ನಿಂತ ಹುಡುಗಿ. "ಇದು ನಾನಾ?" ಎಂದು ಚಿಕ್ಕ ಉಪಂದಾ ಕೇಳಿದ್ದಳು. ರದೂಕಾ ಹೂಂ ಅಂದಿದ್ದಳು. ಅದು ದಾಸಿಯ ಚಿತ್ರ. ಸುಳ್ಳನ್ನು ಮಹಾಪಾಪವೆನ್ನುವ ಜನರಲ್ಲಿ ಹುಟ್ಟಿ ಅವಳು ಹೇಳಿದ ಸುಳ್ಳು ಅದು.

ಮರುದಿನ ಲಿಪಿಕಾರ ಹಿತಿಬೇಲ ಅಂಗೈಯಗಲದ ಮಣ್ಣಿನ ಬಿಲ್ಲೆಯಲ್ಲಿ ರಹದಾರಿ ಬರೆದ: ಹೋಗುವಾಗ ಗಾಡಿಯಾಳು ತೀರಕಾಮನಿಗೆ, ಬರುವಾಗ ಉಪಂದಾಳಿಗೂ ಪ್ರತಿ ಠಾಣ್ಯದಲ್ಲಿ ಹಿಟ್ಟು, ದ್ರಾಕ್ಷಿಮದ್ಯ, ಕುದುರೆ ಕೊಡತಕ್ಕದ್ದು. ರದೂಕಾ ಮುದ್ರೆ ಉರುಳಿಸಿದಳು. ಗಾಡಿ ಹೊರಟಿತು. ಮಗಳ ಕೋಣೆಗೆ ಸುಣ್ಣ ಬಳಿಸಿದಳು. ಮಗನ ಪೀಠದ ಪಕ್ಕ ಇನ್ನೊಂದು ಪೀಠ ಹಾಕಿಸಿದಳು.

ಆರು ತಿಂಗಳಾದ ಮೇಲೆ ತೀರಕಾಮ ಅಂಗಳಕ್ಕೆ ಬಂದ.

"ಗಾಡಿ ಎಲ್ಲಿ? ಹಿಂದೆ ಬರ್ತಿದೆಯಾ?"

"ಬರ್ತಿದೆ ಅಮ್ಮಾವ್ರೇ. ಖಾಲಿ."

"ದಾರೀಲಿ ಯಾರು ತಡೆದ್ರು?"

"ಅಯ್ಯೋ, ಯಾರ್ ತಡೀತಾರೆ? ಬಿಲ್ಲೆ ತೋರಿಸೋದೇ ತಡ, ಎದ್ದು ನಿಲ್ಲೋರು. ನಾನೇ ದೊರೆ ಅಂದ್ಕೊಂಡ್ಬಿಟ್ಟೆ." ಆಮೇಲೆ ಅವನು ನೆಲ ನೋಡಿದ. "ಅವರೇ ಬರಲ್ಲ ಅಂದ್ರು."

"ಏನಂದ್ಲೋ ಅದನ್ನೇ ಹೇಳು. ಬೆಣ್ಣೆ ಸವರಬೇಡ."

"'ಹನ್ನೆರಡು ವರ್ಷದವಳಿದ್ದಾಗ ನನ್ನನ್ನ ಇಲ್ಲಿಗೆ ಸಾಗಿಸಿದ್ದೂ ಇದೇ ಮುದ್ರೆ. ಠಾಣ್ಯಠಾಣ್ಯದಲ್ಲೂ ನನ್ನ ಮುಖ ನೋಡ್ಲಿಲ್ಲ, ಬಿಲ್ಲೆ ನೋಡಿದ್ರು. ಇನ್ನೊಂದ್ಸಲ ಮೂಟೆ ಥರ ಬರಲ್ಲ.' ಅಷ್ಟೇ ಅಂದ್ರು. ನನಗೆ ಊಟ ಮಾತ್ರ ಚೆನ್ನಾಗಿ ಹಾಕಿದ್ರು."

ರದೂಕಾ ಕೊರಳಿಗೆ ಕೈ ಹಾಕಿ ಮುದ್ರೆ ಹಿಡಿದುಕೊಂಡಳು. "ಸೊರಗಿದ್ದಾಳಾ?"

"ಇಲ್ಲ. ದಪ್ಪ ಆಗಿದ್ದಾರೆ."

"ನಾನು ಹೇಗಿದ್ದೀನಿ ಅಂತ ಕೇಳಿದ್ಲಾ?"

ತೀರಕಾಮ ಗಡ್ಡ ಕೆರೆದುಕೊಂಡ. ಹೂಂ ಅಂದುಬಿಡಬಹುದಿತ್ತು.

"ಇಲ್ಲ ಅಮ್ಮಾವ್ರೇ."

ಹಿತಿಬೇಲ ತೀರಕಾಮನಿಂದ ಬಿಲ್ಲೆ ತೆಗೆದುಕೊಂಡು ತಿರುಗಿಸಿ ನೋಡಿದ. "ಬರೋ ದಾರೀಲಿ ಅವರ ಪಾಲು ಹಾಗೇ ಉಳಿದಿದೆ. ಎತ್ತಿಡಲಾ, ನೆನೆಹಾಕಲಾ?"

"ನೆನೆಹಾಕು."

ಅವನು ಅದನ್ನು ಮೂಲೆಯ ತೊಟ್ಟಿಗೆ ಹಾಕಿದ. ಮಣ್ಣು ಗುಳುಗುಳು ಗುಳ್ಳೆ ಬಿಟ್ಟಿತು. ಹುಡುಗಿ, ಹಕ್ಕಿ, ರಾಣಿ ಎಲ್ಲ ಕರಗಿ ಕೆಸರಾಯಿತು.

ಬೆಳಿಗ್ಗೆ ಅದೇ ಮಣ್ಣಿನ ಹೊಸ ಬಿಲ್ಲೆ ಬಂತು. ನೇಕಾರರ ಕೇರಿಯ ಬಾಣಂತಿಯರ ಪಡಿ: ಗಂಡು ಹೆತ್ತವಳಿಗೆ ಎರಡು ಪಾಲು, ಹೆಣ್ಣು ಹೆತ್ತವಳಿಗೆ ಒಂದು.

"ಎಂದಿನ ಹಾಗೇನಾ ಅಮ್ಮಾವ್ರೇ?"

ರದೂಕಾ ಹೆಣ್ಣು ಹೆತ್ತವಳ ಸಾಲಿನತ್ತ ಬೆರಳು ಚಾಚಿ ಹಿಂದಕ್ಕೆಳೆದುಕೊಂಡಳು. "ಎಂದಿನ ಹಾಗೇ," ಅಂದು ಮುದ್ರೆ ಉರುಳಿಸಿದಳು. ಹುಡುಗಿ ಮತ್ತೆ ಎದುರಿಗೆ ಬಂದು ನಿಂತಳು.

"ಊಟದ ಮನೆಯಲ್ಲಿ ಒಂದು ಪೀಠ ಹೆಚ್ಚಾಗಿದೆ," ಅಂದಳು. "ತೆಗೆಸು."