ನೋಡಿದ್ರಿ, ಬರ್ಕೊಳ್ಳಿ

ಚಿಕ್ಕಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಅವಳೆದುರಿನ ತೊಟ್ಟಿಲಲ್ಲಿ ಕೂತಿದ್ದ ಹನ್ನೊಂದು ತಿಂಗಳ ಮಗು ತುಟಿ ಸೊಟ್ಟ ಮಾಡಿತು. ಮುಂದೇನು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದುಗಡೆಯ ಬಟ್ಟೆ ಕಾರ್ಖಾನೆಯ ಸೈರನ್ನನ್ನೂ ಮೀರಿಸುವ ಗಂಟಲು ಅದರದು. ಹಾಗಾಗಿಯೇ ಹೆತ್ತವಳು ಆಸೆಪಟ್ಟು ಇಟ್ಟ ಹೆಸರು ಮೂಲೆಗೆ ಬಿದ್ದು, ಎಲ್ಲರ ಬಾಯಲ್ಲೂ ಅದು ಸೈರನ್ ಎಂದೇ ಆಗಿಬಿಟ್ಟಿತ್ತು.

"ಎತ್ಕೊಳ್ಲಾ ಅಕ್ಕಾ?"

"ಬೇಡ!" ಬಚ್ಚಲಿನಿಂದ ದೊಡ್ಡಮ್ಮನ ದನಿ ಬಂತು. "ನೀನು ಮುಟ್ಟಬೇಡ. ನಾನೇ ಬರ್ತೀನಿ."

ಬರುವುದೆಲ್ಲಿಂದ! ಬಚ್ಚಲಲ್ಲಿ ಅವಳ ಕೈಯಲ್ಲಿದ್ದವನು ದೊರೆ. ಎರಡು ವರ್ಷ ತುಂಬಿದರೂ ನಡೆಯಲೊಲ್ಲದೆ, ಎತ್ತಿಕೊಂಡೇ ತಿರುಗಬೇಕೆಂದು ಅಪ್ಪಣೆ ಮಾಡುವ ಮಹಾರಾಯ. ಬೆಳಗ್ಗೆಯಿಂದ ಅವನ ಹೊಟ್ಟೆ ಕೆಟ್ಟಿತ್ತು. ತೊಳೆದು ಒರೆಸಿ ಚಡ್ಡಿ ಹಾಕುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು.

ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಓರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಿರು. ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸರು ಬೆಳಗ್ಗೆ ತಮ್ಮ ಮಕ್ಕಳನ್ನು ಇವರ ಎರಡು ಕೋಣೆಯ ಮನೆಯಲ್ಲಿ ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಿದ್ದರು. ದೊಡ್ಡಮ್ಮ ಶಿಶುಪಾಲನೆಯ ತರಬೇತಿ ಮುಗಿಸಿದವಳು. ಅದರ ಪ್ರಮಾಣಪತ್ರ ಗಾಜಿನ ಚೌಕಟ್ಟಿನೊಳಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ತೂಗಾಡುತ್ತಿತ್ತು. ಚಿಕ್ಕಮ್ಮ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ತರಬೇತಿಗೆ ಸೇರಬೇಕೆಂದರೆ ಹತ್ತನೆಯದಾದರೂ ಆಗಿರಬೇಕು. ಹಾಗಂತ ಯಾವ ಮಗುವೂ ಅವಳ ತೋಳಿಗೆ ಬರಲು ಇಲ್ಲಿಯವರೆಗೆ ತಕರಾರು ತೆಗೆದಿರಲಿಲ್ಲ.

ಈಗ ಸರ್ಕಾರ ಹೊಸ ನಿಯಮವೊಂದನ್ನು ತರಲು ಹೊರಟಿತ್ತು. ಪ್ರಮಾಣಪತ್ರ ಇಲ್ಲದವರು ಇಂಥ ಕೇಂದ್ರಗಳಲ್ಲಿ ಮಕ್ಕಳನ್ನು ಎತ್ತುವಂತಿಲ್ಲ, ಉಣಿಸುವಂತಿಲ್ಲ, ಮಲಗಿಸುವಂತಿಲ್ಲ. ಎಲ್ಲೋ ಒಂದು ಕಡೆ ಯಾರದೋ ಕೈಜಾರಿ ಮಗುವೊಂದು ಬಿದ್ದು ತಲೆಗೆ ಪೆಟ್ಟಾಗಿತ್ತಂತೆ. ಆ ಸುದ್ದಿ ಕೇಳಿದ ದಿನ ಓರಗಿತ್ತಿಯರಿಬ್ಬರಿಗೂ ಅನ್ನ ಇಳಿದಿರಲಿಲ್ಲ. ನಿಯಮ ಮಾಡುವವರು ಕೆಟ್ಟವರೆಂದು ಅವರೂ ಹೇಳುತ್ತಿರಲಿಲ್ಲ. ಆದರೆ ನಿಯಮ ತರುವ ಮುಂಚೆ, ತಂದರೆ ಏನಾಗುತ್ತದೆ ಎಂದು ನೋಡಬೇಕೆನ್ನುವುದೂ ಒಂದು ನಿಯಮ. ಅದನ್ನು ನೋಡಲೆಂದೇ ಇಲಾಖೆಯ ಅಧಿಕಾರಿಯೊಬ್ಬಳು ಬಂದು, ಮಕ್ಕಳಿಗೆಂದು ತಂದ ಪುಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದಳು. ಇವತ್ತೊಂದು ದಿನ ನಿಯಮ ಆಗಲೇ ಜಾರಿಯಾಗಿದೆ ಎಂದುಕೊಂಡು ಇವರು ಕೆಲಸ ಮಾಡಬೇಕು, ಆದದ್ದನ್ನು ಅವಳು ಬರೆದುಕೊಳ್ಳಬೇಕು.

ಸೈರನ್ ಶುರುವಾಯಿತು.

ಮೊದಲು ಸಣ್ಣಗೆ, ಆಮೇಲೆ ಕಿಟಕಿಯ ಗಾಜು ನಡುಗುವಂತೆ. ಚಿಕ್ಕಮ್ಮ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಗೋಡೆಗೆ ಅಂಟಿಕೊಂಡಳು. "ಬಂಗಾರಾ, ಸುಮ್ನಿರು, ದೊಡ್ಡಮ್ಮ ಬರ್ತಾಳೆ" ಎಂದು ದೂರದಿಂದಲೇ ರಮಿಸಿ ನೋಡಿದಳು. ಮಗುವಿಗೆ ಮಾತು ಯಾಕೆ ಬೇಕು? ಅದು ಅವಳತ್ತ ಎರಡೂ ಕೈ ಚಾಚಿ ಮುಖ ಕೆಂಪಗೆ ಮಾಡಿಕೊಂಡು ಅತ್ತಿತು. ಚಾಪೆಯ ಮೇಲಿದ್ದ ಉಳಿದವರೂ ಒಬ್ಬರಾದ ಮೇಲೊಬ್ಬರು ದನಿಗೂಡಿಸಲು ಮುಖ ಸಜ್ಜು ಮಾಡಿಕೊಳ್ಳುತ್ತಿದ್ದರು.

ಅಧಿಕಾರಿಗೆ ಕೂತಲ್ಲಿ ಕೂರಲಾಗಲಿಲ್ಲ. "ಪರವಾಗಿಲ್ಲಮ್ಮ, ಎತ್ಕೊಂಡುಬಿಡಿ" ಎಂದು ಮೆಲ್ಲಗೆ ಹೇಳಿದಳು. "ನಾನು ಕಿಟಕಿ ಕಡೆ ನೋಡ್ತಿರ್ತೀನಿ."

ಹೇಳಿದವಳು ನಿಜಕ್ಕೂ ಆ ಕಡೆ ತಿರುಗಿದಳು. ಕಿಟಕಿಯ ಆಚೆ ಕಾರ್ಖಾನೆಯ ಗೋಡೆ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ದೊರೆಯನ್ನು ಸೊಂಟಕ್ಕೇರಿಸಿಕೊಂಡು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಾಗಿಲಲ್ಲಿ ಬಂದು ನಿಂತಳು.

"ಏನ್ ಮೇಡಂ, ಗೋಡೆ ಚೆನ್ನಾಗಿದ್ಯಾ?"

ಅಧಿಕಾರಿಯ ಮುಖ ಸಣ್ಣಗಾಯಿತು. "ನಿಮಗೆ ತೊಂದರೆ ಕೊಡೋಕೆ ಬಂದೋಳಲ್ಲ ನಾನು. ಬೇರೆ ಕೇಂದ್ರಗಳಲ್ಲೂ ಹೀಗೇ ಸ್ವಲ್ಪ ಅನುಸರಿಸ್ಕೊಂಡು ಹೋಗಿದ್ದೀನಿ."

"ಅಲ್ಲೆಲ್ಲಾ ಹೇಗಾಯ್ತು?"

"ಸುಸೂತ್ರವಾಗೇ ಆಯ್ತು."

"ಪ್ರಮಾಣಪತ್ರ ಇಲ್ದೋರು ಒಬ್ರೂ ಮಗು ಮುಟ್ಟಲಿಲ್ವಾ?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಒಂದೆರಡು ಸಲ... ಮಕ್ಕಳು ಅಳ್ತಿದ್ವು. ನೋಡಿಯೂ ನೋಡದ ಹಾಗೆ ಇದ್ದೆ. ಬರೆದ್ರೆ ಅವರಿಗೇ ಕಷ್ಟ ಅಲ್ವಾ?"

ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಓಹೋ! ಹೋದ ಕಡೆಯೆಲ್ಲಾ ನೀವು ಅಯ್ಯೋ ಪಾಪ ಅಂತ ಕಣ್ಣು ಮುಚ್ಕೊಂಡ್ರಿ. ಮೇಲೆ ಕೂತೋರು ನಿಮ್ಮ ವರದಿ ಓದಿ, ಯಾರಿಗೂ ಏನೂ ತೊಂದರೆಯಿಲ್ಲ, ತಂದುಬಿಡಿ ನಿಯಮ ಅಂತಾರೆ. ನಿಮ್ಮ ಕರುಣೆಯಿಂದ್ಲೇ ನಮ್ಮ ಬಾಗಿಲು ಮುಚ್ಚುತ್ತೆ ಮೇಡಂ. ಬೈದು ಹೋಗಿದ್ರೂ ಇಷ್ಟು ಕೆಟ್ಟದ್ದು ಮಾಡ್ತಿರ್ಲಿಲ್ಲ ನೀವು."

"ಹಾಗಲ್ಲ..."

"ಹಾಗೇ! ಇವತ್ತು ಈ ಮನೇಲಿ ಯಾರೂ ಕಿಟಕಿ ಕಡೆ ನೋಡೋ ಹಾಗಿಲ್ಲ. ಮಗು ಅತ್ರೆ ಅಳೋದನ್ನ ಕೂತು ಕೇಳಿ. ನನಗಿರೋದು ಎರಡೇ ಕೈ, ಎರಡರಲ್ಲೂ ಇವನಿದ್ದಾನೆ. ಇವನನ್ನ ಕೆಳಗಿಟ್ರೆ ಇವನು ಅಳ್ತಾನೆ. ಅದನ್ನೂ ಕೇಳಿ."

ಸತ್ಯವನ್ನೇ ಹೇಳುತ್ತಿದ್ದಳು, ಆದರೆ ಹಟವೂ ಅವಳ ತಲೆಗೇರಿತ್ತು. ಮಾತಾಡುವಷ್ಟು ಹೊತ್ತೂ ತೊಟ್ಟಿಲಿನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅವಳ ಕರುಳು ಚುರುಕ್ ಎನ್ನುತ್ತಿತ್ತು, ಆಡುವ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಸೈರನ್ನಿನ ಅಳು ಈಗ ದನಿ ಒಡೆದು ಬಿಕ್ಕಳಿಕೆಗೆ ಬಂದಿತ್ತು.

"ಸಾಕು" ಎಂದಳು ಚಿಕ್ಕಮ್ಮ.

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಓರಗಿತ್ತಿಯ ಮಾತಿಗೆ ಎದುರಾಡದವಳು. ಬೆನ್ನ ಹಿಂದಿನ ಕೈ ಬಿಡಿಸಿಕೊಂಡು, ಇಬ್ಬರ ನಡುವಿನಿಂದಲೇ ಹಾದು ಹೋಗಿ, ತೊಟ್ಟಿಲಿಗೆ ಬಗ್ಗಿ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. "ನಿಮ್ಮಿಬ್ಬರ ವಾದ ಮುಗಿಯೋ ತನಕ ಇದು ಯಾಕೆ ಅಳಬೇಕು? ಮಗು ಅಳಿಸಿ ಗೆಲ್ಲೋದು ನನಗೆ ಬೇಡ ಅಕ್ಕಾ."

ಸೈರನ್ ಅವಳ ಕತ್ತಿಗೆ ಮುಖ ಒತ್ತಿ, ಎರಡು ಸಲ ಬಿಕ್ಕಿ, ಸುಮ್ಮನಾಯಿತು. ದೊಡ್ಡಮ್ಮನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ನಾಚಿಕೆಯೂ ಆಯಿತು. ಎಷ್ಟು ಹೊತ್ತು ಅತ್ತಿತೋ ಅದು, ಅವಳ ಮಾತಿಗೆ ಸಾಕ್ಷಿಯಾಗಲೆಂದು.

ಚಿಕ್ಕಮ್ಮ ಅಧಿಕಾರಿಯತ್ತ ತಿರುಗಿದಳು. "ಮುಟ್ಟಿದ್ದೀನಿ ಮೇಡಂ. ಬರ್ಕೊಳ್ಳಿ."

"ನಾನೇನೂ ನೋಡಲಿಲ್ಲಮ್ಮ."

"ನೋಡಿದ್ರಿ. ನನ್ನ ಕಡೆನೇ ನೋಡ್ತಿದ್ರಿ."

"ನಿಮಗೆ ಅರ್ಥ ಆಗ್ತಿಲ್ಲ." ಅಧಿಕಾರಿ ಪುಟ್ಟ ಕುರ್ಚಿಯಿಂದ ಕಷ್ಟಪಟ್ಟು ಎದ್ದಳು. ಕುರ್ಚಿಯೂ ಅವಳ ಜೊತೆ ಅರ್ಧ ಎದ್ದು ಕೆಳಗೆ ಬಿತ್ತು. ಯಾರೂ ನಗಲಿಲ್ಲ. "ಈ ವರದಿ ಕೇಂದ್ರದ ವಿಳಾಸದ ಸಮೇತ ಮೇಲಕ್ಕೆ ಹೋಗುತ್ತೆ. ನಾಳೆ ನಿಯಮ ಬಂದ್ರೆ ಮೊದಲು ತಪಾಸಣೆಗೆ ಬರೋದು ನಿಮ್ಮ ಮನೆಗೇ. ಪರವಾನಗಿ ಬೇರೆ ನವೀಕರಣಕ್ಕೆ ಕೊಟ್ಟಿದ್ದೀರಿ. ಯಾಕೆ ಸುಮ್ನೆ ಮೈಮೇಲೆ ಎಳ್ಕೊಳ್ತೀರಿ?"

ಪರವಾನಗಿ ಎಂದದ್ದೇ ತಡ, ಈವರೆಗೆ ಊರಿಗೆಲ್ಲಾ ಕೇಳುವ ಹಾಗೆ ಮಾತಾಡುತ್ತಿದ್ದ ದೊಡ್ಡಮ್ಮನ ದನಿ ತಗ್ಗಿತು. "ಹೋಗ್ಲಿ ಬಿಡೇ. ಹೇಳೋದನ್ನೆಲ್ಲಾ ಬಾಯಲ್ಲಿ ಹೇಳಾಯ್ತಲ್ಲ."

"ಬಾಯಲ್ಲಿ ಹೇಳಿದ್ದು ಈ ಹೊಸಿಲು ದಾಟುತ್ತಾ ಅಕ್ಕಾ?" ಚಿಕ್ಕಮ್ಮ ಮಗುವಿನ ಬೆನ್ನು ತಟ್ಟುತ್ತಲೇ ಕೇಳಿದಳು. ದನಿ ಏರಿಸಲಿಲ್ಲ. ನಿದ್ದೆಗೆ ಜಾರುತ್ತಿದ್ದ ಮಗುವನ್ನು ಹೆಗಲಲ್ಲಿಟ್ಟುಕೊಂಡು ಏರಿಸುವುದಾದರೂ ಹೇಗೆ? "ನಿಯಮ ಬಂದ್ಮೇಲೆ ನಾನಿಲ್ಲಿ ಏನ್ಮಾಡ್ಲಿ? ಪಾತ್ರೆ ತೊಳೆದು, ಇವು ಅತ್ತಾಗೆಲ್ಲಾ ಹಿಂದೆ ಹೋಗಿ ಕಿವಿ ಮುಚ್ಕೊಂಡು ಕೂತ್ಕೊಳ್ಲಾ? ನೀನೊಬ್ಳೇ ಎಷ್ಟು ಜನರನ್ನ ನೋಡ್ಕೊಳ್ತೀಯ? ಅರ್ಧ ಮಕ್ಕಳನ್ನ ವಾಪಸ್ ಕಳಿಸ್ಬೇಕು. ಇದರಮ್ಮ ನಾಳೆಯಿಂದ ಕೆಲಸಕ್ಕೆ ಹೋಗೋ ಹಾಗಿಲ್ಲ ಅಂತ ಅವಳಿಗೆ ಯಾರು ಹೇಳ್ತೀರಿ? ನೀನಾ? ಮೇಡಮ್ಮಾ?"

ಗೋಡೆಯಾಚೆ ಹೊಲಿಗೆ ಯಂತ್ರಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಆ ಸದ್ದಿನಲ್ಲಿ ಸೈರನ್ನಿನ ಅಮ್ಮನದೂ ಒಂದು ಪಾಲಿತ್ತು.

"ಅಕ್ಕಾ, ಹೆದರಿದ್ಯಾ?"

"ಹೆದರದೇ ಇರ್ತಾರಾ?" ದೊಡ್ಡಮ್ಮ ದೊರೆಯನ್ನು ಚಾಪೆಯ ಮೇಲೆ ಕೂರಿಸಿದಳು. ಆಶ್ಚರ್ಯವೆಂದರೆ ಅವನು ಅಳಲಿಲ್ಲ, ಬಾಯಲ್ಲಿ ಬೆರಳಿಟ್ಟುಕೊಂಡು ಮೂವರನ್ನೂ ನೋಡುತ್ತ ಕೂತ. ಅವಳು ಒಮ್ಮೆ ಗಾಜಿನ ಚೌಕಟ್ಟಿನ ಕಡೆ ನೋಡಿ, ಅಧಿಕಾರಿಯ ಕಡೆ ತಿರುಗಿದಳು. "ಬರೀರಿ ಮೇಡಂ. ವಿಳಾಸ ದಪ್ಪಗೆ ಬರೀರಿ. ಬರೋರಿಗೆ ಮನೆ ಹುಡುಕೋ ಕಷ್ಟ ಬೇಡ."

ಅಧಿಕಾರಿ ರಟ್ಟಿನ ಹಲಗೆಯನ್ನು ಎಡಗೈಗೆ ಒರಗಿಸಿಕೊಂಡು ಬರೆದು, ಬರೆದದ್ದನ್ನು ಓದಿ ಹೇಳಿದಳು. "ಪ್ರಮಾಣಪತ್ರವಿಲ್ಲದ ಸಹಾಯಕಿ ಮಗುವನ್ನು ಎತ್ತಿಕೊಂಡರು. ಮಗು ಅಳು ನಿಲ್ಲಿಸಿತು." ಎರಡನೆಯ ಮಾತು ಅವಳಾಗಿಯೇ ಸೇರಿಸಿದ್ದು. "ಇದು ನಿಜ ಅಂತ ನೀವು ಸಹಿ ಮಾಡ್ಬೇಕು."

"ಮಾಡ್ತೀನಿ" ಎಂದು ಚಿಕ್ಕಮ್ಮ ಮಗುವನ್ನು ತೊಟ್ಟಿಲಿಗೆ ಇಳಿಸಲು ಬಗ್ಗಿದಳು. ಬೆನ್ನು ತೊಟ್ಟಿಲಿಗೆ ತಾಗುವ ಮೊದಲೇ ಸೈರನ್ ತುಟಿ ಸೊಟ್ಟ ಮಾಡಿತು. ಅವಳು ಮತ್ತೆ ಮೇಲೆತ್ತಿಕೊಂಡು ದೊಡ್ಡಮ್ಮನತ್ತ ಹಿಡಿದಳು. "ಒಂಚೂರು ಹಿಡ್ಕೋ ಅಕ್ಕಾ."

ದೊಡ್ಡಮ್ಮ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನನ್ನ ಕೈ ಒದ್ದೆ" ಎಂದಳು. ಒಣಗಿ ಎಷ್ಟೋ ಹೊತ್ತಾಗಿತ್ತು.

ಚಿಕ್ಕಮ್ಮ ಓರಗಿತ್ತಿಯ ಮುಖ ನೋಡಿದಳು. ಆಮೇಲೆ ಮಗುವನ್ನು ಅಧಿಕಾರಿಯತ್ತ ಚಾಚಿದಳು.

"ನಾನಾ? ನನಗೆ... ನಾನು ತರಬೇತಿ ಆದೋಳಲ್ಲ."

"ಸೊಂಟದ ಮೇಲೆ ಕೂರಿಸ್ಕೊಳ್ಳಿ. ಹಾಂ, ಹಾಗೇ. ಬೆನ್ನಿಗೆ ಕೈ ಕೊಡಿ."

ಅಧಿಕಾರಿ ಕೊಟ್ಟಳು. ಸೈರನ್ ಹೊಸ ಮುಖವನ್ನು ಅನುಮಾನದಿಂದ ನೋಡಿತು. ಅಳಬೇಕೋ ಬೇಡವೋ ಎಂದು ಯೋಚಿಸಿತು. ಅಷ್ಟರಲ್ಲಿ ಅವಳ ಕತ್ತಿನಿಂದ ಜೋತುಬಿದ್ದ ಇಲಾಖೆಯ ಗುರುತಿನ ಚೀಟಿ ಅದರ ಕಣ್ಣಿಗೆ ಬಿತ್ತು, ಅಳು ಮರೆತುಹೋಯಿತು.

ಚಿಕ್ಕಮ್ಮ ಹಲಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಾಲಿಗೆಯ ತುದಿ ಹಲ್ಲಿಗೆ ಒತ್ತಿ, ಒಂದೊಂದೇ ಅಕ್ಷರವನ್ನು ಕೂಡಿಸಿ ತನ್ನ ಹೆಸರು ಬರೆದಳು. ಅವಸರ ಮಾಡಲಿಲ್ಲ. ಬರೆದು ಮುಗಿಸಿ, ಪೆನ್ನನ್ನೂ ಹಲಗೆಯನ್ನೂ ತಂದು ಅಧಿಕಾರಿಯ ಮುಂದೆ ನಿಂತಳು. ಮಗುವನ್ನು ವಾಪಸ್ ತೆಗೆದುಕೊಳ್ಳಲು ಕೈ ನೀಡಲಿಲ್ಲ.

"ಇನ್ನೊಂದು ಸಾಲು ಬಾಕಿ ಇದೆ ಮೇಡಂ. ಈಗ ನೀವೂ ಮುಟ್ಟಿದ್ದೀರಿ."

ಅಧಿಕಾರಿ ತನ್ನ ಸೊಂಟದ ಮೇಲಿನ ಮಗುವನ್ನು ನೋಡಿದಳು, ಎದುರಿಗಿದ್ದ ಇಬ್ಬರನ್ನು ನೋಡಿದಳು. ಕಿಟಕಿ ಪಕ್ಕದಲ್ಲೇ ಇತ್ತು. ಆ ಕಡೆ ತಿರುಗಲಿಲ್ಲ. "ಹಲಗೆ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ಚಿಕ್ಕಮ್ಮನಿಗೆ ಹೇಳಿ, ಬಿಡುವಿದ್ದ ಕೈಯಲ್ಲಿ ಪೆನ್ನು ತೆಗೆದುಕೊಂಡಳು.

ಅವಳು ಬರೆಯುತ್ತಿದ್ದಳು. ಸೈರನ್ ಗುರುತಿನ ಚೀಟಿಯ ಮೂಲೆಯನ್ನು ಬಾಯಿಗಿಟ್ಟುಕೊಂಡು, ಆಗಷ್ಟೇ ಮೂಡುತ್ತಿದ್ದ ಹಲ್ಲಿನಿಂದ ಸಮಾಧಾನವಾಗಿ ಕಚ್ಚುತ್ತಿತ್ತು.