ಗುರುವಾರದ ಮೊಣಕಾಲು

ಯೆಹೂದಿ ಗುರು ರಬ್ಬಿಯ ಪುಟ್ಟ ಚಾಕು ಕೋಟಿನ ಎಡಗಡೆಯ ಅಂಚನ್ನು ಬೆರಳಗಲ ಸೀಳಿತು. ಮಿಕ್ಕಿದ್ದನ್ನು ಮಗನೇ ಹರಿದುಕೊಳ್ಳಬೇಕು. ಜಲ್ಮನ್ ಎರಡೂ ಕೈಯಲ್ಲಿ ಹಿಡಿದು ಎಳೆದ. ನಾಲ್ಕು ಬೆರಳಗಲ ಸಾಕಿತ್ತು. ಜೇಬಿನವರೆಗೂ ಹರಿದುಹೋಯಿತು.

“ಸಾಕು, ಸಾಕಪ್ಪ,” ಎಂದರು ರಬ್ಬಿ. “ತಾಯಿ ಹೋದ ದುಃಖಕ್ಕೆ ಹರಿಯೋದು. ಕೋಟಿನ ಮೇಲಿನ ಸಿಟ್ಟಿಗಲ್ಲ.”

ದೊಡ್ಡವನು ಫೈವೆಲ್‌ನದು ಆಗಲೇ ಮುಗಿದಿತ್ತು. ಅಳತೆ ಹಿಡಿದು ದರ್ಜಿ ಬಿಚ್ಚಿದಂತಿತ್ತು ಅವನ ಹರಕು. ರಬ್ಬಿ ಚಾಕು ಮಡಿಚಿ ಜೇಬಿಗೆ ಹಾಕಿದರು.

“ಮೂರನೆಯ ಕೋಟು? ನಡುವಿನವನದು?” ಎಂದ ಜಲ್ಮನ್.

ಫೈವೆಲ್ ತಮ್ಮನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದ. ಅದು ಅಮ್ಮನ ಕೆಲಸದ ಕೋಣೆ. ಮೇಜಿನ ಮೇಲೆ ಹದಿನಾಲ್ಕು ಮರದ ತಲೆಗಳು, ಹದಿನಾಲ್ಕು ವಿಗ್ಗುಗಳು. ಆ ಕೇರಿಯಲ್ಲಿ ಮದುವೆಯಾದ ಹೆಂಗಸರು ಸ್ವಂತ ಕೂದಲು ತೋರಿಸುವಂತಿಲ್ಲ. ಬ್ರೌಟನ್‌ನ ಅರ್ಧ ಗೃಹಿಣಿಯರ ತಲೆ ಮಿಂಡೆಲ್‌ಳ ಕೋಣೆಯಲ್ಲಿ ಒಣಗುತ್ತದೆ ಅಂತ ಗಂಡಸರು ನಗುತ್ತಿದ್ದರು. ನಿನ್ನೆ ಸಂಜೆ ತೊಳೆದಿಟ್ಟ ಒಂದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ತೊಳೆದವಳು ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು.

“ಮೆಲ್ಲಗೆ ಮಾತಾಡೋ. ಬೀಗರು ಹೊರಗಿದಾರೆ.”

“ಅನ್ಶೆಲ್‌ಗೆ ಹೇಳಿದೆಯಾ ಇಲ್ಲವಾ?”

“ರೋಗಿಗೆ ಸಾವಿನ ಸುದ್ದಿ ಮುಟ್ಟಿಸಬಾರದು ಅಂತ ಶಾಸ್ತ್ರದಲ್ಲೇ ಇದೆ. ಬುದ್ಧಿ ಕದಡುತ್ತೆ ಅಂತ. ರಬ್ಬಿಯವರನ್ನೂ ಕೇಳಿದೀನಿ.”

“ಏನಂದರು?”

“ಡಾಕ್ಟರು ಬೇಡ ಅಂದರೆ ಹೇಳಬೇಡ ಅಂದರು.”

“ಡಾಕ್ಟರನ್ನ ಕೇಳಿದೆಯಾ?”

ಫೈವೆಲ್ ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ.

“ನಿನಗೇನೋ? ಬ್ರೆಡ್ಡಿನ ವ್ಯಾನು ಓಡಿಸಿಕೊಂಡು ಹಾಯಾಗಿದೀಯ. ನನ್ನ ಮಗಳು ರೈಜಿ ಮದುವೆಗೆ ಆರು ವಾರ ಇದೆ. ಬೀಗರ ಮಟ್ಟಿಗೆ ಅನ್ಶೆಲ್ ಜೆರುಸಲೇಮಲ್ಲಿ ಓದ್ತಿದಾನೆ. ಹೇಳಿದ್ದು ನಾನಲ್ಲ, ಅಮ್ಮ. ಅಮ್ಮನ ಮಾತನ್ನ ಅಮ್ಮನ ಹೆಣದ ಮುಂದೆ ಸುಳ್ಳು ಮಾಡ್ತೀಯಾ?”

ಜಲ್ಮನ್ ಬಾಯಿ ತೆರೆದಿದ್ದರೆ ಕೈಯೂ ಮೇಲೇಳುತ್ತಿತ್ತು. ವ್ಯಾನಿನ ಕೀಲಿ ತೆಗೆದುಕೊಂಡು ಹೊರಟ. ಬಾಗಿಲ ಬಳಿ ಪಕ್ಕದ ಮನೆಯ ಶ್ಪ್ರಿಂಜೆ ಮೂಗು ಒರೆಸಿಕೊಳ್ಳುತ್ತ ಯಾರಿಗೋ ಹೇಳುತ್ತಿದ್ದಳು: “ನನ್ನ ಒಳ್ಳೇ ತಲೆ ಇನ್ನೂ ಅವಳ ಹತ್ರಾನೇ ಇದೆ ಕಣೆ, ಒದ್ದೆ ಒದ್ದೆ. ಅವಳ ಮಣ್ಣಿಗೆ ಸ್ಕಾರ್ಫ್ ಕಟ್ಟಿಕೊಂಡು ಬಂದಿದೀನಿ ನೋಡು.”

“ಎಲ್ಲಿಗಪ್ಪ ಜಲ್ಮನ್? ಎರಡು ಗಂಟೆಗೆ ಮಣ್ಣು!” ಎಂದಳು ಅವನನ್ನು ಕಂಡು.

“ಅಷ್ಟರೊಳಗೆ ಬರ್ತೀನಿ.”

*

ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಮಾತು, ಅನ್ಶೆಲ್‌ಗೆ ಆಗ ಹತ್ತೊಂಬತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಅವನು ಒಂದೇ ಪದದ ಮೇಲೆ ನಿಂತುಬಿಟ್ಟ. ಮನಸ್ಸು ಪೂರ್ತಿ ಇಟ್ಟು ಹೇಳಿದೆನೋ ಇಲ್ಲವೋ ಎಂಬ ಅನುಮಾನ. ಮತ್ತೆ ಹೇಳಿದ. ಮತ್ತೆ ಅನುಮಾನ. ಎಲ್ಲರೂ ಮುಗಿಸಿ ಕೆಲಸಕ್ಕೆ ಹೋದರೂ ಅವನು ಗೋಡೆಗೆ ಮುಖ ಮಾಡಿ ಅದೇ ಪದ ಹೇಳುತ್ತಿದ್ದ.

“ಭಕ್ತಿ ಅಂದ್ರೆ ಇದು,” ಎಂದರು ಹಿರಿಯರು. ಮೂರು ವಾರ ಹಾಗೇ ಅಂದರು. ಹುಡುಗ ಬೆಳಗಿನ ಪ್ರಾರ್ಥನೆಯನ್ನು ಸಂಜೆಗೂ ಮುಗಿಸದೆ, ಊಟ ಮುಟ್ಟದೆ, ಕಡ್ಡಿಯಾದ ಮೇಲೂ ಅಂದರು. ಕೊನೆಗೆ ಮಿಂಡೆಲ್ ಪ್ರಾರ್ಥನಾ ಮಂದಿರಕ್ಕೆ, ಗಂಡಸರ ಕಡೆಯ ಬಾಗಿಲಿಂದಲೇ ಒಳನುಗ್ಗಿ ಮಗನ ಮೊಣಕೈ ಹಿಡಿದು ಕರೆದುಕೊಂಡು ಬಂದಳು. ಅಲ್ಲಿಂದ ಆಸ್ಪತ್ರೆ.

ಆ ವಾರವೇ ಫೈವೆಲ್‌ಗೆ ಸಂಬಂಧ ತಂದವಳು ಮನೆಗೆ ಬಂದಳು. “ನಿಮ್ಮ ಎರಡನೆಯವನು ಕಾಣ್ತಾನೇ ಇಲ್ಲವಲ್ಲ?”

ಮಿಂಡೆಲ್‌ಳ ಬಾಯಿಯಲ್ಲಿ ಪಿನ್ನುಗಳಿದ್ದವು. ಒಂದೊಂದಾಗಿ ತೆಗೆದು ಮುಂದಿದ್ದ ವಿಗ್ಗಿಗೆ ಚುಚ್ಚಿದಳು. ಬಾಯಿ ಖಾಲಿಯಾದ ಮೇಲೆ ಹೇಳಿದಳು: “ಜೆರುಸಲೇಮಿಗೆ ಹೋದ. ಓದೋಕೆ.”

ಮೇಜಿನ ಕೆಳಗೆ ಆಡುತ್ತಿದ್ದ ಆರು ವರ್ಷದ ಜಲ್ಮನ್ ಅದನ್ನು ಕೇಳಿಸಿಕೊಂಡ. ಕೆಲವು ವರ್ಷ ನಂಬಿಯೂ ಇದ್ದ.

*

ಮ್ಯಾಂಚೆಸ್ಟರಿನ ಆಚೆ ತುದಿಯಲ್ಲಿರುವ ಆ ಮನೆಗೆ ಫಲಕವಿಲ್ಲ. ಸಮುದಾಯದವರೇ ಚಂದಾ ಎತ್ತಿ, ಮನಸ್ಸು ಕೆಟ್ಟವರಿಗಾಗಿ ನಡೆಸುವ ಮನೆ. ಒಂದು ಬೆಂಚು ಕೊಡಿಸಿದರೂ ಬೆನ್ನಿನ ಮೇಲೆ ಹೆಸರು ಕೆತ್ತಿಸುವ ಜನ, ಇದಕ್ಕೆ ಕೊಡುವಾಗ ಮಾತ್ರ “ಹೆಸರು ಬೇಡ” ಅನ್ನುತ್ತಾರೆ.

ಬಾಗಿಲು ತೆಗೆದವಳು ಅಲ್ಲಿ ನೋಡಿಕೊಳ್ಳುವ ಪೆರ್ಲಾ. ಅಗಲ ಮುಖದ ಹೆಂಗಸು. ಅವನ ಹರಿದ ಕೋಟನ್ನು ನೋಡಿದಳು.

“ನೀನು ಜಲ್ಮನ್. ಅಂತೂ ಬಂದೆಯಲ್ಲ. ಕಳೆದ ಸಲ ಬಂದು ಆರು ವರ್ಷ ಆಯ್ತಾ?”

“ಆಯ್ತು,” ಎಂದ. ಅವನ ಸಿಟ್ಟಿಗೆ ಮೊದಲ ಬಾರಿ ದಾರಿ ತಪ್ಪಿತು. “ಅವನಿಗೆ ಗೊತ್ತಾ?”

“ನಿಮ್ಮಣ್ಣ ಬೆಳಿಗ್ಗೆ ಫೋನ್ ಮಾಡಿ ಬಾಯಿ ಬಿಡಬೇಡಿ ಅಂದರು. ನಾನು ನರ್ಸನ್ನ ಕೇಳಿದೆ. ಮನೆಯವರು ಬಂದು ಹೇಳಲಿ, ಸುಳ್ಳು ಮಾತ್ರ ಯಾರೂ ಹೇಳಬೇಡಿ, ಅವನು ಮಣ್ಣಿಗೆ ಹೋಗ್ತೀನಿ ಅಂದರೆ ಜೊತೆಗೆ ನೀವೂ ಹೋಗಿ ಅಂದರು. ನಿಮ್ಮಣ್ಣನಿಗೆ ಅದನ್ನೂ ಹೇಳಿದೆ.”

“ಏನಂದ?”

“ಫೋನ್ ಇಟ್ಟರು.”

ಮುಂದಿನ ಕೋಣೆಯಲ್ಲಿ ಐದು ಜನ ಗಂಡಸರು ಸಾಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲರ ಹೆಗಲ ಮೇಲೂ ಟವೆಲ್. ನೆಲಕ್ಕೆ ಹಳೆಯ ಪೇಪರು ಹಾಸಿತ್ತು. ಕೊನೆಯ ಕುರ್ಚಿಯಲ್ಲಿ ಅನ್ಶೆಲ್, ಮಾತ್ರೆಗಳಿಂದ ಊದಿದ ಮೈ, ನರೆತ ಗಡ್ಡ, ತೊಡೆಯ ಮೇಲೆ ಕತ್ತರಿ ಬಾಚಣಿಗೆಯ ಡಬ್ಬಿ.

“ಇದೇನಿದು?” ಎಂದ ಜಲ್ಮನ್.

“ಗುರುವಾರ ಅಲ್ಲವಾ,” ಎಂದ ಮೊದಲ ಕುರ್ಚಿಯ ಮುದುಕ. “ಮಿಂಡೆಲಮ್ಮ ತಲೆಗೂದಲು ಕತ್ತರಿಸೋ ದಿನ. ಇವತ್ತು ತಡ ಮಾಡಿಬಿಟ್ಟಳು ಮಹಾರಾಣಿ. ಬರಲಿ, ಮಾಡ್ತೀನಿ. ಹೋದ ವಾರ ನನ್ನ ಕಿವಿ ಕುಯ್ದು, ‘ಇನ್ನೊಂದು ಇದೆಯಲ್ಲ, ಯಾಕೆ ಬಡಕೊಳ್ತೀಯ’ ಅಂದಳು.”

“ಹದಿನೈದು ವರ್ಷ,” ಎಂದಳು ಪೆರ್ಲಾ ಹಿಂದಿನಿಂದ, ಸಣ್ಣ ದನಿಯಲ್ಲಿ. “ಒಂದು ಗುರುವಾರ ತಪ್ಪಿಸಿಲ್ಲ.”

*

ಗುರುವಾರ ಅಮ್ಮ ಮೊಣಕಾಲಿಗೆ ಶಾಖ ಕೊಡಿಸಿಕೊಳ್ಳಲು ಹೋಗುತ್ತಾಳೆ. ಬೀದಿಗೆಲ್ಲ ಗೊತ್ತಿದ್ದ ವಿಷಯ. ಎರಡು ಬಸ್ಸು ಹತ್ತಿ ಹೋಗಿ, ಸಂಜೆ ಸುಸ್ತಾಗಿ ಬರುವಳು. ಗುರುವಾರ ವಿಗ್ಗು ತರಬೇಡಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದಳು.

“ನನ್ನ ವ್ಯಾನಲ್ಲಿ ಬಿಡ್ತೀನಿ ಬಾರಮ್ಮ,” ಅಂದಿದ್ದ ಜಲ್ಮನ್ ಒಮ್ಮೆ.

“ನಿನ್ನ ವ್ಯಾನಲ್ಲಿ ಕೂತರೆ ಇನ್ನೊಂದು ಮೊಣಕಾಲೂ ಹೋಗುತ್ತೆ. ಬಸ್ಸೇ ವಾಸಿ.”

“ಅಷ್ಟು ವರ್ಷದಿಂದ ಶಾಖ ಕೊಡ್ತಿದಾರೆ, ಏನೂ ಗುಣ ಆಗಿಲ್ಲವಲ್ಲ.”

“ಗುಣ ಆಗೋಕಲ್ಲ ಕಣೋ,” ಅಂದಿದ್ದಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಇನ್ನೂ ಕೆಡದೆ ಇರೋಕೆ.”

*

ಜಲ್ಮನ್ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅಮ್ಮ ಇವತ್ತು ಬರಲ್ಲ, ಅನ್ಶೆಲ್.”

ಅನ್ಶೆಲ್ ಅವನ ಮುಖ ನೋಡಲಿಲ್ಲ. ಕೋಟು ನೋಡಿದ. ಬೆರಳಲ್ಲಿ ಹರಿದ ಅಂಚನ್ನು ಮುಟ್ಟಿದ.

“ಎಡಗಡೆ ಹರಿದಿದೆ,” ಎಂದ. “ಅಣ್ಣತಮ್ಮ, ಹೆಂಡತಿ ಮಕ್ಕಳು ಹೋದರೆ ಬಲಗಡೆ. ಎಡಗಡೆ ಹೆತ್ತವರಿಗೆ. ಅಪ್ಪ ಆಗಲೇ ಹೋಗಿದಾರೆ.”

ಮುದುಕ ಹೆಗಲ ಟವೆಲ್ ತೆಗೆದು ಮುಖಕ್ಕೆ ಮುಚ್ಚಿಕೊಂಡ.

“ಮಣ್ಣಾಯ್ತಾ?” ಎಂದ ಅನ್ಶೆಲ್.

“ಇನ್ನೂ ಇಲ್ಲ. ಎರಡಕ್ಕೆ.”

“ಮತ್ತೆ ಯಾಕೆ ಕೂತಿದೀಯ? ಏಳು.” ಅನ್ಶೆಲ್ ಎದ್ದ. ಆಮೇಲೆ ನಿಂತ. “ಬೀಗರು ಬಂದಿರ್ತಾರೆ ಅಲ್ವಾ? ನಾನು ಜೆರುಸಲೇಮಲ್ಲಿದೀನಿ.”

“ಯಾರು ಹೇಳಿದರು ನಿನಗೆ?”

“ಅಮ್ಮನೇ. ‘ತಪ್ಪು ಮಾಡಿದೆ ಮಗನೇ, ಈಗ ನುಂಗೋಕೂ ಆಗಲ್ಲ ಉಗುಳೋಕೂ ಆಗಲ್ಲ’ ಅಂತ ಪ್ರತಿ ವರ್ಷ ಪ್ರಾಯಶ್ಚಿತ್ತದ ಉಪವಾಸದ ಹಿಂದಿನ ದಿನ ಬಂದು ಕ್ಷಮೆ ಕೇಳೋಳು.” ಅವನು ತನ್ನ ಬಿಳುಚಿದ ಕೈಗಳನ್ನು ತಿರುಗಿಸಿ ನೋಡಿಕೊಂಡ. “ವಿಮಾನ ಇಳಿದು ಬಂದೆ ಅಂತ ಹೇಳೋಣ ಅಂದರೆ ಬಿಸಿಲಿಗೆ ಒಂಚೂರೂ ಕಪ್ಪಾಗಿಲ್ಲವಲ್ಲೋ ನಾನು.”

ಜಲ್ಮನ್‌ಗೆ ನಗು ಬಂತು. ಆಮೇಲೆ, ಬೆಳಗಿನಿಂದ ಬಾರದಿದ್ದ ಅಳು ಬಂತು.

*

ಪೆರ್ಲಾಳೂ ಸೇರಿ ಅವರು ಮೂವರೂ ಸ್ಮಶಾನ ತಲುಪುವಾಗ ಎರಡೂಕಾಲು. ಫೈವೆಲ್ ಕಾದಿರಲಿಲ್ಲ. ಪೆಟ್ಟಿಗೆ ಆಗಲೇ ಗುಂಡಿಗಿಳಿದಿತ್ತು. ಆಚೆ ತುದಿಯಲ್ಲಿ ರಬ್ಬಿ ಕಣ್ಣು ಮುಚ್ಚಿ ಸ್ತೋತ್ರ ಓದುತ್ತಿದ್ದರು. ನಲವತ್ತು ಜನ ಕಪ್ಪು ಕೋಟಿನವರು, ಮಧ್ಯೆ ಒಂದು ಸಲಿಕೆ. ಅದನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ದುಃಖ ದಾಟಿಸಿದಂತಾಗುತ್ತದೆ. ಮಣ್ಣು ಹಾಕಿದವನು ಗುಡ್ಡೆಗೆ ಚುಚ್ಚಿ ಸರಿಯಬೇಕು, ಮುಂದಿನವನು ತಾನೇ ಕಿತ್ತುಕೊಳ್ಳಬೇಕು.

ಬೀಗರಾದ ಲುಸ್ಟಿಗ್ ಮೂರು ಸಲಿಕೆ ಹಾಕಿ, ಚುಚ್ಚಿ, ಹಿಂದೆ ಸರಿದರು.

ಪೆರ್ಲಾ ಹೆಂಗಸರ ಜೊತೆ ದೂರದಲ್ಲೇ ನಿಂತಳು. ಅನ್ಶೆಲ್ ಒಬ್ಬನೇ ಗುಂಪನ್ನು ಸೀಳಿಕೊಂಡು ಬಂದ. ಸಲಿಕೆ ಕಿತ್ತ. ಮೊದಲ ಮಣ್ಣು ಅರ್ಧ ಅವನ ಬೂಟಿನ ಮೇಲೇ ಬಿತ್ತು. ಎರಡನೆಯದು ಒಳಗೆ ಬಿತ್ತು. ಮೂರು. ನಾಲ್ಕು. ಜನ ಕಾದರು. ಏಳು. ಎಂಟು. ಅವನು ಸಲಿಕೆ ಚುಚ್ಚಲಿಲ್ಲ.

“ಯಾರು ಬೀಗರೇ ಇವರು?” ಲುಸ್ಟಿಗ್ ತಗ್ಗಿದ ದನಿಯಲ್ಲಿ ಕೇಳಿದರು.

ಫೈವೆಲ್ ಗುಂಡಿಯನ್ನೇ ನೋಡುತ್ತಿದ್ದ. “ಯಾರೋ... ಜಲ್ಮನ್‌ಗೆ ಪರಿಚಯದವರಿರಬೇಕು.”

ಜಲ್ಮನ್‌ಗೆ ಕೇಳಿಸಿತು. ನಲವತ್ತು ಜನರ ಮುಂದೆ, ಹೆತ್ತವಳ ತಲೆಯ ಮೇಲೆ ನಿಂತು, ಈ ನಾಲಿಗೆಯನ್ನು ಕಿತ್ತು ಅದೇ ಗುಂಡಿಗೆ ಹಾಕುತ್ತೇನೆ ಎಂದುಕೊಂಡ. ಒಂದು ಹೆಜ್ಜೆ ಮುಂದಿಟ್ಟ.

ಅನ್ಶೆಲ್ ಸಲಿಕೆಗೆ ಮೈ ಆನಿಸಿ ಕೆಳಗೆ ಬಗ್ಗಿ ನೋಡುತ್ತಿದ್ದ. ಆಮೇಲೆ ತಲೆಯೆತ್ತಿ, ಮನೆಯೊಳಗೆ ಕರೆಯುವ ಹಾಗೆ, ಸಹಜ ದನಿಯಲ್ಲಿ ಕರೆದ.

“ಅಣ್ಣ. ಈ ಮೂಲೇಲಿ ಇನ್ನೂ ಹಲಗೆ ಕಾಣ್ತಿದೆ.”

ಎಲ್ಲರಿಗೂ ಕೇಳಿಸಿತು. ಓದುತ್ತಿದ್ದ ರಬ್ಬಿ ಕಣ್ಣು ಬಿಟ್ಟರು. ಲುಸ್ಟಿಗ್ ಫೈವೆಲ್‌ನ ಮುಖ ನೋಡಿದರು, ಅನ್ಶೆಲ್‌ನ ಮುಖ ನೋಡಿದರು. ಒಂದೇ ಮೂಗು, ಒಂದೇ ಹಣೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ದಾರಿ ಬಿಡಲೋ ದೂರವಾಗಲೋ, ಜಲ್ಮನ್‌ಗೆ ತಿಳಿಯಲಿಲ್ಲ.

ಫೈವೆಲ್‌ನ ಕೈ ಕನ್ನಡಕದ ಕಡೆಗೆ ಹೋಯಿತು. ಅರ್ಧದಲ್ಲೇ ಇಳಿಯಿತು. ಗುಂಡಿಯ ಅಂಚಿಗೆ ಬಂದ, ಒದ್ದೆ ಜೇಡಿಯಲ್ಲಿ ಕೂತ, ಎರಡೂ ಕೈಯಲ್ಲಿ ಮಣ್ಣು ಬಾಚಿ ಮೂಲೆಗೆ ಸುರಿದ.

“ಈಗ?” ಎಂದ, ತಲೆಯೆತ್ತದೆ.

ಅನ್ಶೆಲ್ ಬಗ್ಗಿ, ಎಚ್ಚರಿಕೆಯಿಂದ ನೋಡಿದ.

“ಇನ್ನೊಂದು ಬೊಗಸೆ.”

ಫೈವೆಲ್ ಇನ್ನೊಂದು ಬೊಗಸೆ ತುಂಬಿಕೊಂಡ.