ಲಿಗೋರಿಯ ಹಸಿರು ಚುಕ್ಕೆ

ಬಲ್ಮಠದ ಹಿಲ್ಡಾಬಾಯಿ ದಿನಾ ಹರಟುವ ಕೊಂಕಣಿ ವೆಬ್‌ಸೈಟಿಗೆ ಯಾವನೋ ಪುಣ್ಯಾತ್ಮ ಹೊಸ ರೂಪ ಕೊಟ್ಟಿದ್ದ. ಬೆಳಿಗ್ಗೆ ತೆರೆದರೆ ಹಳೆಯ ಹರಟೆ ಯಾವುದೂ ಇದ್ದಲ್ಲಿರಲಿಲ್ಲ. ಗೆಳೆಯ ಲಿಗೋರಿಯ ಹೆಸರಿನ ಪಕ್ಕದಲ್ಲಿ ಮಾತ್ರ ಹಸಿರು ಚುಕ್ಕೆ ಹೊಳೆಯುತ್ತಿತ್ತು. ಅವನು ತೀರಿಕೊಂಡು, ಹಿಲ್ಡಾಬಾಯಿಯೇ ಅವನ ಆತ್ಮಶಾಂತಿಗೆ ಚರ್ಚಿನಲ್ಲಿ ಪಾದ್ರಿಗಳಿಂದ ಬಲಿಪೂಜೆ ಮಾಡಿಸಿ ತಿಂಗಳಾಗಿತ್ತು.

ಅವರು ಸೈಟ್ ನೋಡಿಕೊಳ್ಳುವ ಡೆರಿಲ್‌ಗೆ ಫೋನ್ ಮಾಡಿ ರೇಗಿದರು. “ಎಂತ ಮಾರಾಯ ಇದು? ಸತ್ತವನು ಆನ್‌ಲೈನ್ ಇದ್ದಾನೆ!”

“ಹೊಸ ಡಿಸೈನ್ ಅಲ್ವಾ ಆಂಟಿ, ನಿಧಾನಕ್ಕೆ ಅಭ್ಯಾಸ ಆಗ್ತದೆ.”

ಫೋನ್ ಇಟ್ಟ ಕೂಡಲೇ ಪರದೆಯ ಮೇಲೆ ಸೈಟಿನ ಸಂದೇಶ ಬಂತು: ‘ಲಿಗೋರಿ ನಿಮಗಾಗಿ ಕಾಯುತ್ತಿದ್ದಾರೆ.’

ಹಿಲ್ಡಾಬಾಯಿ ನೇರ ಇಗರ್ಜಿಗೆ ನಡೆದರು. “ಫಾದರ್, ಲಿಗೋರಿಗೆ ಇನ್ನೊಂದು ಬಲಿಪೂಜೆ ಬೇಕು. ಮೊದಲಿನದ್ದು ಮುಟ್ಟಲಿಲ್ಲ ಕಾಣ್ತದೆ.”